ಬೆಂಗಳೂರು ಬಿಟ್ಟು ಮಲೆನಾಡಿಗೆ ಸಂಸಾರ ಸಾಗಿಸುವವರಿಗೆ: ಮೊದಲು ಮಳೆಗಾಲ, ಕೊನೆಗೆ ಜಮೀನು

“ತೀರ್ಥಹಳ್ಳಿ ಕಡೆ ಎರಡು ಎಕರೆ ತೋಟ ಮಾರಾಟಕ್ಕಿದೆಯಂತೆ, ತಗೊಳ್ಳಬಹುದಾ?” ಊರಲ್ಲಿ ನೆಲೆಸಬೇಕು ಅನ್ನುವವರ ಪ್ರಶ್ನೆ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಮಕ್ಕಳ ಶಾಲೆ, ಮನೆಗೆ ನೆಟ್, ಏಪ್ರಿಲ್ ತಿಂಗಳ ಬಾವಿ ನೀರು, ಇವೆಲ್ಲ ನೆನಪಾಗುವುದು ಕ್ರಯಪತ್ರ ಆದ ಮೇಲೆ. ಆಗ ಕೇಳಿ ಏನು ಪ್ರಯೋಜನ?

ಇಲ್ಲಿ ಹೇಳುವ ಕ್ರಮ ಅದಕ್ಕೆ ಪೂರ್ತಿ ಉಲ್ಟಾ. ಮೊದಲು ಬಾಡಿಗೆ ಮನೆ, ಆಮೇಲೆ ಒಂದು ಇಡೀ ಮಳೆಗಾಲ, ಜಮೀನು ಎಲ್ಲಕ್ಕಿಂತ ಕೊನೆಗೆ. ಶಾಲೆಗೆ ಹೋಗುವ ಮಕ್ಕಳಿರುವ, ಬೆಂಗಳೂರಿನಲ್ಲಿ ಸಂಬಳದ ಕೆಲಸ ಇರುವ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇನೆ. ಮನಸ್ಸಿನಲ್ಲಿರುವುದು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಘಟ್ಟದ ಮೇಲಿನ ತಾಲ್ಲೂಕುಗಳು. ಬಯಲುಸೀಮೆಗೆ ಹೋಗುವವರು ಮಳೆಯ ಮಾತು ಬಿಟ್ಟು ಕಾಗದಪತ್ರದ ಭಾಗ ಓದಿಕೊಂಡರೆ ಸಾಕು.

1. ಮನೆಯವರೆಲ್ಲ ಕೂತು ಮಾತಾಡಿ

ಮೊದಲು ದುಡ್ಡಿನ ಮಾತು. ತೋಟದ ಆದಾಯ ನಂಬಿಕೊಂಡು ಹೊರಡಬೇಡಿ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ಫಸಲಿಗೆ ಬಂದ ತೋಟವನ್ನೇ ಕೊಂಡರೂ ಕೊಳೆರೋಗ ಇದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ, ಮಂಗನ ಕಾಟ ಇದ್ದದ್ದೇ. ಹಾಗಾಗಿ ಕನಿಷ್ಠ ಒಬ್ಬರ ಸಂಬಳ ನಡೆಯುತ್ತಿರಲಿ. ಮನೆಯಿಂದ ಕೆಲಸ ಮಾಡಲು ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. “ಪರವಾಗಿಲ್ಲ, ಹೋಗಿ” ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು, ಆ ಮ್ಯಾನೇಜರ್ ಬದಲಾದ ದಿನ ಮುಗಿಯಿತು.

ಎರಡನೆಯದನ್ನು ಯಾರೂ ಮಾತಾಡುವುದಿಲ್ಲ: ಅಡುಗೆಮನೆ. ನಗರದಲ್ಲಿ ಕೆಲಸದವರು ಬರುತ್ತಾರೆ, ಸುಸ್ತಾದ ದಿನ ಹೊರಗಿನಿಂದ ತರಿಸುತ್ತೀರಿ. ಹಳ್ಳಿಯಲ್ಲಿ ಮೂರೂ ಹೊತ್ತಿನ ಅಡುಗೆ ಮನೆಯಲ್ಲೇ ಆಗಬೇಕು, ಜೊತೆಗೆ ಬಂದುಹೋಗುವವರು ಜಾಸ್ತಿ. ಹಳ್ಳಿಯ ಬದುಕಿನ ಕನಸು ಗಂಡಸರದ್ದು, ಕೆಲಸ ಹೆಂಗಸರದ್ದು ಅಂತಾದ ಮನೆಗಳು ಬೇಗ ವಾಪಸ್ ಗಂಟುಮೂಟೆ ಕಟ್ಟುತ್ತವೆ. ಯಾರು ಏನು ಮಾಡುತ್ತೀರಿ ಅಂತ ಹೊರಡುವ ಮೊದಲೇ ತೀರ್ಮಾನ ಆಗಲಿ.

ಮೂರನೆಯದು ಮಕ್ಕಳ ವಯಸ್ಸು. ಮಗು 9ನೇ ತರಗತಿಗೆ ಬಂದಿದ್ದರೆ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಕಾಯುವುದು ವಾಸಿ. 5ನೇ ತರಗತಿಯ ಒಳಗಿದ್ದರೆ ಸುಲಭವಾಗಿ ಹೊಂದಿಕೊಳ್ಳುತ್ತವೆ.

2. ಊರು ಆರಿಸಲು ಎರಡು ಸಲ ಹೋಗಿ, ಎರಡೂ ಕೆಟ್ಟ ಕಾಲದಲ್ಲಿ

ನವೆಂಬರ್, ಡಿಸೆಂಬರ್‌ನಲ್ಲಿ ಮಲೆನಾಡು ನೋಡಿ ಮರುಳಾಗದವರು ಯಾರು? ಆ ತಿಂಗಳುಗಳಲ್ಲಿ ಊರು ಆರಿಸಬೇಡಿ. ಒಂದು ಸಲ ಏಪ್ರಿಲ್ ಕೊನೆಯಲ್ಲಿ ಹೋಗಿ, ನೀರು ನೋಡಲು. ಇನ್ನೊಂದು ಸಲ ಜುಲೈನಲ್ಲಿ, ಪುನರ್ವಸು, ಪುಷ್ಯ ಮಳೆ ಹಿಡಿದಾಗ ಹೋಗಿ, ಒಂದು ವಾರ ಉಳಿಯಿರಿ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು ಸಾವಿರ ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಅದೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಮನಸ್ಸು ಹೇಗಿರುತ್ತದೆ ಅನ್ನುವುದು ಅಲ್ಲಿ ಇದ್ದರೆ ಮಾತ್ರ ಗೊತ್ತಾಗುವ ಸಂಗತಿ.

ದಾರಿಯನ್ನೂ ಲೆಕ್ಕ ಹಾಕಿ. ಸಾಗರದವರಿಗೆ ಬೆಂಗಳೂರಿಗೆ ನೇರ ರೈಲಿದೆ, ಶಿವಮೊಗ್ಗಕ್ಕೆ 2023ರಿಂದ ವಿಮಾನವೂ ಇದೆ. ತೀರ್ಥಹಳ್ಳಿ, ಕೊಪ್ಪ, ಶಿರಸಿಗೆ ರೈಲಿಲ್ಲ. ತಿಂಗಳಿಗೆ ಎರಡು ಸಲ ಆಫೀಸಿಗೆ ಮುಖ ತೋರಿಸಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ.

ನನ್ನ ಸಲಹೆ: ಮೊದಲ ಎರಡು ವರ್ಷಕ್ಕೆ ತಾಲ್ಲೂಕು ಕೇಂದ್ರದಿಂದ ಹತ್ತು, ಹದಿನೈದು ಕಿಲೋಮೀಟರ್ ಒಳಗಿನ ಊರು ನೋಡಿ. ಕಾಡಿನ ನಡುವಿನ ಒಂಟಿಮನೆ ಫೋಟೊದಲ್ಲಿ ಚೆಂದ.

3. ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ

ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, ಅಲ್ಲಿ ವೈದ್ಯರು ಇದ್ದಾರಾ, ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು, ಹೆರಿಗೆ ತಜ್ಞರು ಇದ್ದಾರಾ ಅಂತ ಹೋಗಿ ಕೇಳಿ. ದೊಡ್ಡ ಕಾಯಿಲೆಗೆ ಊರಿನವರು ಎಲ್ಲಿಗೆ ಓಡುತ್ತಾರೆ ಅನ್ನುವುದನ್ನೂ ಕೇಳಿ. ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ ಅಥವಾ ಘಟ್ಟ ಇಳಿದು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಹೋಗುವುದು ರೂಢಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಬೇಕಾದ ಹಿರಿಯರು ಮನೆಯಲ್ಲಿದ್ದರೆ ಹಳ್ಳಿಗಿಂತ ಪೇಟೆಯೇ ಒಳ್ಳೆಯದು.

ಎರಡು ವಿಷಯ ಮಕ್ಕಳಿಗೂ ಗೊತ್ತಿರಲಿ. ಒಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆ (ಉಣುಗು) ಹುಳ ಕಚ್ಚುವುದರಿಂದ ಬರುತ್ತದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ದರಗಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಕೂರಬೇಡಿ. ಕಾಡಿನ ಕಡೆ ಹೋಗುವಾಗ ಮೈಗೆ ಉಣ್ಣೆ ನಿರೋಧಕ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಆ ತಿಂಗಳುಗಳಲ್ಲಿ ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಇನ್ನೊಂದು ಹಾವು. ವಿಷನಿರೋಧಕ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಸದಾ ಇರುತ್ತದೆ ಅಂತ ಬರೆದು ಬಾಗಿಲ ಹಿಂದೆ ಅಂಟಿಸಿ. ಕಚ್ಚಿದ ಜಾಗ ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಔಷಧಿ ಅಂತ ಹೊತ್ತು ಕಳೆಯುವುದು ಬೇಡ. ರಾತ್ರಿ ಅಂಗಳಕ್ಕೆ ಇಳಿಯುವಾಗ ಟಾರ್ಚ್ ಕೈಯಲ್ಲಿರಲಿ.

4. ಬಾಡಿಗೆ ಮನೆ ಹುಡುಕುವುದು

ಇಲ್ಲೊಂದು ವಿಚಿತ್ರ ಎದುರಾಗುತ್ತದೆ. ಊರಲ್ಲಿ ಬೀಗ ಹಾಕಿದ ಮನೆಗಳು ಎಷ್ಟೋ ಇರುತ್ತವೆ, ಬಾಡಿಗೆಗೆ ಮಾತ್ರ ಸಿಗುವುದಿಲ್ಲ. ಕಾರಣ ಹಳೆಯದು. 1974ರಲ್ಲಿ ಭೂಸುಧಾರಣೆ ಕಾನೂನು ಬಿಗಿಯಾದಾಗ ಗೇಣಿಗೆ ಕೊಟ್ಟ ಜಮೀನು ಗೇಣಿದಾರರ ಪಾಲಾಯಿತು. ಆ ನೆನಪು ಇನ್ನೂ ಹಸಿ. ತೋಟದ ಮನೆಯಲ್ಲಿ ಹೊರಗಿನವರನ್ನು ಕೂರಿಸಿದರೆ ಎಬ್ಬಿಸುವುದು ಕಷ್ಟ ಅನ್ನುವ ಅಂಜಿಕೆ ಹಿರಿಯರಿಗಿದೆ. ಅವರನ್ನು ದೂರುವಂತಿಲ್ಲ. ನೀವೇ ಮುಂದಾಗಿ 11 ತಿಂಗಳ ಕರಾರುಪತ್ರ ಮಾಡಿಸಿಕೊಡಿ. ಪಂಚಾಯಿತಿಯ ಮನೆ ನಂಬರ್ ಬರೆಸಿ, ಬಾಡಿಗೆಗೆ ತಗೊಂಡಿರುವುದು ಮನೆ ಮಾತ್ರ, ಜಮೀನಿಗೂ ನಮಗೂ ಸಂಬಂಧವಿಲ್ಲ ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲಿಗೆ ಎಷ್ಟೋ ಬೀಗ ತೆರೆದಿವೆ.

ಬ್ರೋಕರ್‌ಗಿಂತ ಹಾಲಿನ ಸೊಸೈಟಿ, ಅಂಚೆಯವರು, ಶಾಲೆಯ ಮೇಷ್ಟ್ರು ಚೆನ್ನಾಗಿ ಮನೆ ತೋರಿಸುತ್ತಾರೆ. ಮನೆ ನೋಡುವಾಗ:

– ಹಿಂದೆ ಧರೆ ಇದೆಯಾ? ಗುಡ್ಡ ಕಡಿದು ಮನೆ ಕಟ್ಟಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆಗೆ ಧರೆ ಅನ್ನುತ್ತಾರೆ. ಜೆಸಿಬಿ ತಂದು ಹೊಸದಾಗಿ ಕಡಿದ ನೆಟ್ಟಗಿನ ಧರೆಯ ಕೆಳಗೆ ಮಲಗುವ ಕೋಣೆ ಇದ್ದರೆ ಆ ಮನೆ ಬೇಡವೇ ಬೇಡ.
– ನೀರು ಎಲ್ಲಿಂದ? ಬಾವಿಯಾದರೆ ಮೇ ತಿಂಗಳಲ್ಲಿ ಎಷ್ಟು ಉಳಿಯುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ. ಅಬ್ಬಿ ನೀರಾದರೆ, ಅಂದರೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಾದರೆ, ಆ ಒರತೆ ಯಾರ ಜಾಗದಲ್ಲಿದೆ, ಎಷ್ಟು ಮನೆಗೆ ಪಾಲು ಅಂತ ತಿಳಿದುಕೊಳ್ಳಿ. ಬೇಸಿಗೆಯ ಜಗಳಗಳು ಹೆಚ್ಚಾಗಿ ಈ ಪೈಪಿನ ಸುತ್ತಲೇ.
– ನೆಟ್ ಬರುತ್ತಾ? ಈಗ ಬಹಳ ಹಳ್ಳಿಗಳಿಗೆ ಫೈಬರ್ ಬಂದಿದೆ. ಆದರೆ ತಂತಿ ಬರುವುದು ಕಂಬದ ಮೇಲೆ, ಕಂಬದ ಮೇಲೆ ಮರ ಬೀಳುತ್ತದೆ. ಜುಲೈನಲ್ಲಿ ಎಷ್ಟು ದಿನ ನಿಂತಿತ್ತು, ಸರಿಮಾಡುವ ಹುಡುಗ ಎಲ್ಲಿಂದ ಬರಬೇಕು ಅಂತ ಕೇಳಿ. ಮನೆಯೊಳಗೆ ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ ಅಂತ ಬೇರೆ ಬೇರೆ ಸಿಮ್ ಹಾಕಿ ನೋಡಿ. ಸಿಗ್ನಲ್ ಇಲ್ಲದ ಮನೆಯಲ್ಲಿ ಬ್ಯಾಂಕಿನ ಓಟಿಪಿಗಾಗಿ ಕೊಡೆ ಹಿಡಿದು ಗುಡ್ಡ ಹತ್ತಬೇಕಾಗುತ್ತದೆ. ಹತ್ತಿ ಇಳಿಯುವಷ್ಟರಲ್ಲಿ ಓಟಿಪಿಯ ಸಮಯ ಮುಗಿದಿರುತ್ತದೆ.

5. ಶಾಲೆ

ಟಿಸಿ, ಅಂದರೆ ವರ್ಗಾವಣೆ ಪತ್ರ, ಮತ್ತು ಮಗುವಿನ ಸ್ಯಾಟ್ಸ್ ಸಂಖ್ಯೆ (ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ), ಇವೆರಡನ್ನೂ ಮಾರ್ಚ್‌ನಲ್ಲೇ ಕೇಳಿಟ್ಟುಕೊಳ್ಳಿ. ಫೀಸು ಬಾಕಿ ಅಂತ ಕೆಲವು ಖಾಸಗಿ ಶಾಲೆಗಳು ಟಿಸಿ ತಡೆಹಿಡಿಯುವುದುಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 8ನೇ ತರಗತಿವರೆಗೆ ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಇದು ಗೊತ್ತಿರಲಿ.

ಮಾಧ್ಯಮದ ಬಗ್ಗೆ ಎಲ್ಲರಿಗೂ ಭಯ. ಇಂಗ್ಲಿಷ್ ಮಾಧ್ಯಮದಿಂದ ಬಂದ ಮಗುವಿಗೆ ಕನ್ನಡ ಮಾಧ್ಯಮದಲ್ಲಿ ಮೊದಲ ಆರು ತಿಂಗಳು ಸಮಾಜ ವಿಜ್ಞಾನ, ವಿಜ್ಞಾನದ ಪದಗಳೇ ಕಷ್ಟ. ಲೆಕ್ಕ ಅಷ್ಟೇನೂ ಅಲ್ಲ. ಬೇಸಿಗೆ ರಜೆಯಲ್ಲಿ ಹಿಂದಿನ ವರ್ಷದ ಕನ್ನಡ ಪಠ್ಯಪುಸ್ತಕ ತಂದು ಒಟ್ಟಿಗೆ ಓದಿ. ಸಿಬಿಎಸ್‌ಇ ಬೇಕೇ ಬೇಕು ಅನ್ನುವವರು ತಾಲ್ಲೂಕು ಕೇಂದ್ರದಲ್ಲಿ ಹುಡುಕಬೇಕು. ಅಲ್ಲಿ ತರಗತಿ ಶುರುವಾಗುವುದು ರಾಜ್ಯದ ಶಾಲೆಗಳಿಗಿಂತ ಮೊದಲು ಅನ್ನುವುದೂ ನೆನಪಿರಲಿ.

“ಹಳ್ಳಿಗೆ ಹೋದರೆ ಗ್ರಾಮೀಣ ಮೀಸಲಾತಿ ಸಿಗುತ್ತಲ್ವಾ?” ಇಲ್ಲ, ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಸಿಇಟಿಯ ಗ್ರಾಮೀಣ ಕೋಟಾಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ನವೋದಯದ ಗ್ರಾಮೀಣ ಸೀಟಿಗೆ 3, 4, 5ನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಸಾಕು. ಅಲ್ಲಿ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೇ ಮೀಸಲು. ಮಗು 2ನೇ ತರಗತಿಯಲ್ಲಿದ್ದರೆ ಈ ಲೆಕ್ಕ ನಿಮಗೆ ಉಪಯೋಗಕ್ಕೆ ಬರುತ್ತದೆ.

6. ಸಾಮಾನು ಸಾಗಿಸುವುದು

ಮೇ ಮೂರನೇ ವಾರದ ಒಳಗೆ ಮುಗಿಸಿ. ಮುಂಗಾರು ಇಳಿದ ಮೇಲೆ ಮಣ್ಣು ರಸ್ತೆಗೆ ಲಾರಿ ಬರುವುದಿಲ್ಲ. ಬೇಸಿಗೆಯಲ್ಲೂ ದೊಡ್ಡ ಲಾರಿ ಟಾರು ರಸ್ತೆಯಲ್ಲೇ ನಿಂತುಬಿಡಬಹುದು. ಕೊನೆಯ ಒಂದೆರಡು ಕಿಲೋಮೀಟರ್‌ಗೆ ಊರಿನ ಪಿಕಪ್ ಮತ್ತು ನಾಲ್ಕು ಜನರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಏನು ತರಬಾರದು ಅನ್ನುವುದೇ ಮುಖ್ಯ. ಆನ್‌ಲೈನ್‌ನಲ್ಲಿ ಕೊಂಡ, ಹೊಟ್ಟು ಒತ್ತಿ ಮಾಡಿದ ಹಲಗೆಯ ಬೀರು, ಮಂಚಗಳು ಮೊದಲ ಮಳೆಗಾಲದಲ್ಲೇ ಉಬ್ಬಿ ಬಾಯಿಬಿಡುತ್ತವೆ. ಅಲ್ಲೇ ಮಾರಿ. ಚರ್ಮದ ಬೆಲ್ಟು, ಶೂ, ಬ್ಯಾಗಿನ ಮೇಲೆ ಹಸಿರು ಬೂಷ್ಟು ಹತ್ತುತ್ತದೆ. ಪುಸ್ತಕ, ಕ್ಯಾಮೆರಾ, ಮೂಲ ದಾಖಲೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಹೊಸದಾಗಿ ಕೊಳ್ಳಬೇಕಾದದ್ದು: ಇನ್ವರ್ಟರ್ ಮತ್ತು ಬ್ಯಾಟರಿ, ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್, ರೂಟರ್‌ಗೆ ಪ್ರತ್ಯೇಕ ಪುಟ್ಟ ಬ್ಯಾಟರಿ, ಒಳ್ಳೆಯ ಟಾರ್ಚು, ಎಲ್ಲರಿಗೂ ಗಂಬೂಟು. ಗುಡುಗು ಶುರುವಾದರೆ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಸೌದೆ, ದರಗು, ಕಾಯಿಸಿಪ್ಪೆಯನ್ನು ಮೇ ಒಳಗೇ ಒಳಗಿಟ್ಟುಕೊಳ್ಳಬೇಕು. ಇದನ್ನೆಲ್ಲ ಅಕ್ಕಪಕ್ಕದವರು ಕೇಳದೆಯೇ ಹೇಳಿಕೊಡುತ್ತಾರೆ. ಕೇಳಿಸಿಕೊಳ್ಳಿ ಅಷ್ಟೆ.

7. ವಿಳಾಸ ಬದಲಾವಣೆ

ಮೊದಲು ಆಧಾರ್, ಉಳಿದದ್ದೆಲ್ಲ ಅದರ ಹಿಂದೆ. ಮನೆಯಲ್ಲಿ ಒಬ್ಬರ ವಿಳಾಸ ಬದಲಾದರೆ ಅವರ ಒಪ್ಪಿಗೆಯ ಮೇಲೆ ಉಳಿದವರದ್ದನ್ನು ಬದಲಿಸುವ ಅವಕಾಶ ಇದೆ. ಮತದಾರರ ಪಟ್ಟಿಗೆ ನಮೂನೆ 8. ಗ್ಯಾಸ್, ಬ್ಯಾಂಕ್, ಪಡಿತರ ಚೀಟಿ ಆಮೇಲೆ. ಗೃಹಜ್ಯೋತಿ ಪಡೆಯುತ್ತಿದ್ದವರು ಹಳೇ ಮನೆಯ ಮೀಟರ್‌ನಿಂದ ಆಧಾರ್ ಜೋಡಣೆ ಬಿಡಿಸಿದರೆ ಮಾತ್ರ ಹೊಸ ಮೀಟರ್‌ಗೆ ಸಿಗುತ್ತದೆ. ಕರ್ನಾಟಕದೊಳಗೇ ಬರುವವರ ಗಾಡಿಗೆ ಹೊಸ ನಂಬರ್ ಬೇಕಿಲ್ಲ.

8. ಊರಿನವರ ಜೊತೆ

ಮೊದಲ ವರ್ಷ ಸಲಹೆ ಕೊಡಬೇಡಿ. ಸಾವಯವ ಕೃಷಿ, ಪ್ಲಾಸ್ಟಿಕ್, ಹೋಂಸ್ಟೇ, ಯಾವುದರ ಬಗ್ಗೆಯೂ. ಸಾವಿನ ಮನೆಗೆ ತಪ್ಪದೆ ಹೋಗಿ, ಮದುವೆಗೆ ತಪ್ಪಿದರೂ ನಡೆಯುತ್ತದೆ. ಜಾತ್ರೆ, ದೇವಸ್ಥಾನ, ಶಾಲೆಯ ವಾರ್ಷಿಕೋತ್ಸವದ ವಂತಿಗೆಗೆ ಬಂದರೆ ಉಳಿದವರು ಕೊಡುವಷ್ಟೇ ಕೊಡಿ. ಜಾಸ್ತಿ ಕೊಟ್ಟರೆ ಮುಂದಿನ ವರ್ಷದಿಂದ ಅದೇ ನಿಮ್ಮ ದರ. ಅಂಗಳದ ಅಂಚಿನಲ್ಲಿ ಜನ, ದನ ಓಡಾಡುವ ಕಾಲುದಾರಿ ಇದ್ದರೆ ಗೇಟು ಹಾಕಬೇಡಿ. ಅದು ನಿಮ್ಮ ಅಜ್ಜನ ಕಾಲದಿಂದಲೂ ಊರಿನ ದಾರಿ.

9. ಈಗ ಜಮೀನು

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಇಲ್ಲೇ ಇರೋಣ ಅಂತ ಮನೆಯವರೆಲ್ಲ ಹೇಳಿದರೆ ಜಮೀನು ನೋಡಲು ಶುರುಮಾಡಿ. ಆ ಹೊತ್ತಿಗೆ ಯಾವ ಜಮೀನಿಗೆ ತಕರಾರಿದೆ ಅಂತ ಅರ್ಧ ವಿಷಯ ಹಾಲಿನ ಸೊಸೈಟಿಯಲ್ಲೇ ತಿಳಿದಿರುತ್ತದೆ.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಹುದಾ? ಕೊಳ್ಳಬಹುದು. ಅದಕ್ಕೆ ಅಡ್ಡವಾಗಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾಗಿವೆ. ಆದರೆ ಕಾನೂನು ಬಿಡುತ್ತದೆ ಅಂದ ಮಾತ್ರಕ್ಕೆ ಕಾಗದ ಸರಿಯಿದೆ ಅಂತಲ್ಲ. ಪೇಟೆಯಿಂದ ಬಂದವರು ಬೀಳುವ ಗುಂಡಿಗಳು ಇವು.

ತೋರಿಸಿದ್ದೆಲ್ಲ ಮಾರಾಟಕ್ಕಲ್ಲ. “ಎರಡು ಎಕರೆ ಪಹಣಿ, ಎಲ್ಲ ಸೇರಿ ಐದು ಎಕರೆ” ಅನ್ನುತ್ತಾರೆ. ಪಹಣಿ ಅಂದರೆ ಆರ್‌ಟಿಸಿ, ಜಮೀನು ಯಾರ ಹೆಸರಲ್ಲಿ ಎಷ್ಟಿದೆ ಅಂತ ಹೇಳುವ ಸರ್ಕಾರಿ ದಾಖಲೆ. ಆ ಉಳಿದ ಮೂರು ಎಕರೆ ಏನು ಅಂತ ಕೇಳಿ. ಶಿವಮೊಗ್ಗ, ಉತ್ತರ ಕನ್ನಡದಲ್ಲಾದರೆ ಅದು ಸೊಪ್ಪಿನಬೆಟ್ಟ ಇರಬಹುದು; ತೋಟಕ್ಕೆ ಸೊಪ್ಪು, ದರಗು ತರಲು ಕೊಟ್ಟಿರುವ ಸೌಲಭ್ಯ ಅಷ್ಟೆ, ಮನೆ ಕಟ್ಟುವ ಹಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಅದನ್ನೇ ಹೋಲುವುದು ಕುಮ್ಕಿ. ಇಲ್ಲವೇ ಒತ್ತುವರಿ ಇರಬಹುದು. “ನಮೂನೆ 57 ಹಾಕಿದ್ದೇವೆ, ಇವತ್ತೋ ನಾಳೆಯೋ ಹಕ್ಕುಪತ್ರ ಬರುತ್ತೆ” ಅಂತಾರೆ. 50, 53, 57, ಇವು ಬಗರ್‌ಹುಕುಂ ಅರ್ಜಿಗಳು, ಅಂದರೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿಯನ್ನು ಸಕ್ರಮ ಮಾಡಿ ಅಂತ ಕೇಳಿಕೊಂಡಿರುವುದು. ಅರ್ಜಿ ಹಾಕಿದವರು ಮಾಲೀಕರಾಗುವುದಿಲ್ಲ. ಆ ಜಾಗಕ್ಕೆ ಒಂದು ರೂಪಾಯಿಯನ್ನೂ ಲೆಕ್ಕ ಹಿಡಿಯಬೇಡಿ.

ಪಹಣಿಯನ್ನು ನೀವೇ ಓದಿ. ಕಾಲಂ 3ರಲ್ಲಿ ವಿಸ್ತೀರ್ಣ ಇರುತ್ತದೆ (40 ಗುಂಟೆ ಅಂದರೆ 1 ಎಕರೆ), ಅಲ್ಲೇ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಅಂತಲೂ ಇರುತ್ತದೆ. ‘ಬಿ’ ಖರಾಬು ಅಂದರೆ ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ, ನಿಮ್ಮದಾಗುವುದಿಲ್ಲ. ಕಾಲಂ 9ರಲ್ಲಿ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ ಮತ್ತು ಇತರ ಋಣ. ಹೆಸರು ಜಂಟಿಯಾಗಿದ್ದರೆ, ಅಥವಾ ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುತ್ತಿದ್ದರೆ ಪೋಡಿ ಆಗಿದೆಯಾ ನೋಡಿ. ಪೋಡಿ ಅಂದರೆ ಅಳತೆ ಮಾಡಿ ಭಾಗವನ್ನು ಬೇರೆ ನಂಬರ್ ಮಾಡುವುದು. ಭಾಗದ ನೋಂದಣಿಗೆ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು.

ಅಕ್ಕತಂಗಿಯರ ಸಹಿ. “ಅವರೆಲ್ಲ ಮದುವೆಯಾಗಿ ಹೋಗಿದ್ದಾರೆ, ಅವರದ್ದೇನೂ ತಕರಾರಿಲ್ಲ” ಅನ್ನುವ ಮಾತು ಕೇಳಿಸಿದರೆ ಅಲ್ಲೇ ನಿಲ್ಲಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ನಾಡಕಚೇರಿಯ ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿಗೂ ಸಹಿ ಕೇಳಿ. ಅಮೆರಿಕದಲ್ಲಿರುವ ತಂಗಿಯದ್ದೂ ಬೇಕು.

ಮಂಜೂರಾದ ಜಮೀನಾ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಮಾರಾಟವೇ ರದ್ದಾಗುತ್ತದೆ. ಎಷ್ಟು ವರ್ಷ ಕಳೆದಿದ್ದರೂ ಅರ್ಜಿ ಹಾಕಬಹುದು ಅಂತ 2023ರಲ್ಲಿ ತಿದ್ದುಪಡಿ ಆಗಿದೆ. ಮಧ್ಯೆ ಎರಡು ಮೂರು ಕೈ ಬದಲಾಗಿದ್ದರೂ ಮೂಲ ಮಂಜೂರಾತಿ ನೋಡಲೇಬೇಕು.

ಕಾಡಿನ ಗಡಿ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ಸರ್ವೆ ನಂಬರ್ ಕೊಟ್ಟು, ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡು ಅಂತಲೇ ಪರಿಗಣಿಸಿರುವ ಜಾಗ) ಪಟ್ಟಿಯಲ್ಲಿ ಇದೆಯಾ ಕೇಳಿ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಊರಿನ ಹೆಸರು ಇದೆಯಾ ಅನ್ನುವುದನ್ನೂ ನೋಡಿಕೊಳ್ಳಿ. ಮುಂದೆ ರೆಸಾರ್ಟ್ ಗಿಸಾರ್ಟ್ ಅಂತ ಯೋಚನೆ ಇದ್ದವರಿಗಂತೂ ಇದು ಬೇಕೇ ಬೇಕು.

ಹಳೇ ಮನೆ ಮಾತ್ರ ಕೊಳ್ಳುವುದಾದರೆ ಪಂಚಾಯಿತಿಯ ಇ-ಸ್ವತ್ತು (ಕಂಪ್ಯೂಟರ್‌ನಲ್ಲಿ ಕೊಡುವ ಆಸ್ತಿ ಖಾತೆ) ನಮೂನೆ 9 ಮತ್ತು 11 ಕೇಳಿ. ಕೈಬರಹದ ಹಳೇ ಖಾತೆ ತೋರಿಸಿದರೆ ಒಪ್ಪಬೇಡಿ. ನಿಮಗೆ ಇಲ್ಲಿ ಖರ್ಚೂ ಕಮ್ಮಿ, ತಲೆನೋವೂ ಕಮ್ಮಿ. ತೋಟದ ಕೆಲಸ ಗೊತ್ತಿಲ್ಲದವರಿಗೆ ಮನೆ ಮತ್ತು ಹತ್ತು ಗುಂಟೆ ಹಿತ್ತಲು ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡು ಎಕರೆ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಎರಡು ಸಲವಾದರೂ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮರ ಹತ್ತುವ ಕೊನೆಗೌಡರು ಸಿಗಬೇಕು. ಅವರು ಮೊದಲು ಹೋಗುವುದು ತಲೆಮಾರಿನಿಂದ ಗುರುತಿರುವ ಮನೆಗಳಿಗೆ. ನಿಮ್ಮ ತೋಟದ ಸರದಿ ಬರುವಷ್ಟರಲ್ಲಿ ಕಾಯಿ ಕೊಳೆತು ಉದುರಿರುತ್ತದೆ.

ಬೆಲೆ ಕುದುರಿದ ಕೂಡಲೇ ಮುಂಗಡ ಕೇಳುತ್ತಾರೆ. ಕೈಸಾಲದ ಹಾಗೆ ನಗದು ಕೊಡಬೇಡಿ. ಮೊದಲು 30 ವರ್ಷದ ಇಸಿ ತೆಗೆಸಿ. ಇಸಿ ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಈಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಳೆಯದನ್ನು ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಬೇಕು. ಸಹಕಾರ ಸಂಘದ ಬೆಳೆಸಾಲ ಬಾಕಿ ಇಲ್ಲ ಅನ್ನುವ ಪತ್ರವನ್ನು ಬೇರೆಯಾಗಿ ಕೇಳಿ. ಅದೇ ತಾಲ್ಲೂಕಿನ, ಮಾರುವವರಿಗೆ ನೆಂಟರಲ್ಲದ ವಕೀಲರಿಂದ ಎಲ್ಲವನ್ನೂ ಓದಿಸಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕದ ಜೊತೆ ಅದನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ. ಮುಂಗಡವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ, ಕರಾರುಪತ್ರ ಬರೆಸಿಕೊಂಡೇ ಕೊಡಿ. ಅಳತೆಯ ದಿನ ಸರ್ವೆಯವರ ಜೊತೆ ನೀವೂ ಗಂಬೂಟು ಹಾಕಿಕೊಂಡು ಗಡಿಕಲ್ಲಿನಿಂದ ಗಡಿಕಲ್ಲಿಗೆ ನಡೆಯಿರಿ, ಪಕ್ಕದ ತೋಟದವರನ್ನೂ ಕರೆಯಿರಿ. ಅವರು ತಕರಾರು ತೆಗೆಯುವುದಾದರೆ ಅವತ್ತೇ ತೆಗೆಯಲಿ, ನೋಂದಣಿಗೆ ಮೊದಲು.